ಕಾಕಾರ ಜೀಪಿನ ದೊಡ್ಡ ಗಾಲಿ

ಮೊನ್ನೆ ತಮ್ಮನ ಮಗ ತನ್ನ ಗಾಡಿಗೆ ಅಗಲ ಟೈರು ಹಾಕಿಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದ. ಬಿಸಿಲಿಗೆ ಹೊಸ ರಬ್ಬರಿನ ವಾಸನೆ ಪಡಸಾಲೆಯವರೆಗೂ ಬಂತು. ಅವನು ಅದರ ಬಗ್ಗೆ ಏನೇನೋ ಹೇಳುತ್ತಿದ್ದ. ನಾನು ಮಾತ್ರ ರಬಕವಿಯ ನಮ್ಮ ಹಳೇ ಓಣಿಗೆ ಹೋಗಿಬಿಟ್ಟಿದ್ದೆ...

ನಾನು ಬೀಳಗಿಯಿಂದ ಸೊಸೆಯಾಗಿ ಬಂದ ಹೊಸತು. ಪಕ್ಕದ ಮನೆಯವರದು ಸೀರೆ ವ್ಯಾಪಾರ. ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಕಾಕು. ಮಕ್ಕಳಿರಲಿಲ್ಲ. ಹಿಪ್ಪರಗಿ ಕಡೆ ಹೊಳೆದಂಡೆಯಲ್ಲಿ ಒಂದಿಷ್ಟು ಹೊಲ, ಓಡಾಡಲು ಒಂದು ಹಳೇ ಜೀಪು. ಅಂಗಡಿ ಮುಚ್ಚಿದ ದಿನ ಇಬ್ಬರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಡುತ್ತಿದ್ದರು. ಕಾಕು ತಲೆ ತುಂಬ ಸೆರಗು ಹೊದ್ದು ಮುಂದಿನ ಸೀಟಿನಲ್ಲಿ ಕೂತರೆ ನಾವು ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡುವುದು.

ಮಳೆಗಾಲದಲ್ಲಿ ಜೀಪು ಎರೆಮಣ್ಣಿನಲ್ಲಿ ಹೂತು ಹೋಗುತ್ತಿತ್ತು. ಎತ್ತು ಕಟ್ಟಿ ಎಳೆಸಬೇಕು. ಕಾಕಾಗೆ ಅದೊಂದು ದೊಡ್ಡ ಅಪಮಾನ. ಒಂದು ವರ್ಷ ಮಳೆ ಹಿಡಿಯುವ ಮೊದಲೇ ಸಾಂಗ್ಲಿಗೆ ಹೋಗಿ, ಆಳ ಗೆರೆಗಳ ದೊಡ್ಡ ಗಾಲಿ ಹಾಕಿಸಿಕೊಂಡು ಬಂದರು. ಹಳೇವನ್ನು ಅಲ್ಲೇ ಕೊಟ್ಟು ಬಂದಿದ್ದರು. ತಿರುವಿದರೆ ಟೈರು ಮಡ್‌ಗಾರ್ಡಿಗೆ ತಾಗುತ್ತದೆಂದು ಅದನ್ನೂ ಒಂದಿಷ್ಟು ಕತ್ತರಿಸಿದ್ದರು. ಜೀಪು ಮೊದಲಿಗಿಂತ ಒಂದು ಗೇಣು ಎತ್ತರವಾಗಿತ್ತು. ಓಣಿಯ ಗಂಡಸರು ಸುತ್ತ ನಿಂತು ಟೈರು ಮುಟ್ಟಿ ನೋಡಿದರು. ಕಾಕಾ ಮದುವೆ ಗಂಡಿನ ಹಾಗೆ ನಗುತ್ತಿದ್ದರು.

ಆದರೆ ಕಾಕು ಹೊಲಕ್ಕೆ ಹೋಗುವುದನ್ನೇ ಬಿಟ್ಟರು. ಒಮ್ಮೆ ತಲೆನೋವು, ಇನ್ನೊಮ್ಮೆ ಮನೆಗೆಲಸ. ತಾನು ಗಾಲಿಗೆ ಮಾಡಿದ ಖರ್ಚು ನೋಡಿ ಸಿಟ್ಟಾಗಿದ್ದಾಳೆ ಎಂದು ಕಾಕಾ ತಿಳಿದುಕೊಂಡರು. ಅವರೂ ಮಾತು ಕಡಿಮೆ ಮಾಡಿದರು.

ಒಂದು ಮಧ್ಯಾಹ್ನ ಓಣಿ ಖಾಲಿ ಇದ್ದಾಗ ಕಾಕು ಒಬ್ಬರೇ ಜೀಪಿನ ಹಿಡಿಕೆ ಹಿಡಿದು ಕಾಲೆತ್ತಲು ಹೆಣಗುತ್ತಿದ್ದುದನ್ನು ಕಂಡೆ. ಬಚ್ಚಲಲ್ಲಿ ಬಿದ್ದಂದಿನಿಂದ ಅವರ ಸೊಂಟ ಸರಿ ಇರಲಿಲ್ಲ. ನನ್ನನ್ನು ನೋಡಿ ನಾಚಿದರು.

"ಅವರಿಗಿ ಹೇಳಬ್ಯಾಡ. ಸಣ್ಣ ಹುಡುಗರಗತೆ ಖುಷಿ ಆಗ್ಯಾರ."

ಹೇಳಲಿಲ್ಲ. ಆದರೆ ಮುಧೋಳದಲ್ಲಿ ಕಾಕುವಿನ ತಂಗಿಯ ಮಗಳ ಮದುವೆ ಬಂತು. ಕಾಕು ರೇಷ್ಮೆ ಸೀರೆ ಉಟ್ಟು, ಓಣಿಯವರೆಲ್ಲ ನೋಡುತ್ತಿರುವಾಗ ಜೀಪಿನ ಹತ್ತಿರ ಬಂದರು. ಕಾಲೆತ್ತಿದರು, ಇಳಿಸಿದರು. ಮತ್ತೆ ಎತ್ತಿದರು. "ನೀವ ಹೋಗ್ಬರ್ರಿ, ನನಗ ಆರಾಮಿಲ್ಲ" ಎಂದು ಒಳಗೆ ನಡೆದೇಬಿಟ್ಟರು.

ಕಾಕಾ ಬೀಗದ ಕೈ ಹಿಡಿದು ಅಲ್ಲೇ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಯವ್ವಾ, ಖರೆ ಹೇಳು. ಆಕಿ ಕಾಲು ಏಳವಲ್ದೇನು?"

ನಾನು ಹೌದೆಂದು ತಲೆಯಾಡಿಸಿದೆ. ಕಾಕಾ ಒಳಗೆ ಹೋದರು. ಸ್ಟೂಲ್ ಇಡುತ್ತೇನೆ ಎಂದದ್ದು ಕೇಳಿಸಿತು. "ಇಲ್ಲಿ ಸ್ಟೂಲ್ ಇಡತೀರಿ. ಹೊಲದಾಗ, ಕೆಸರಾಗ? ಮಂದಿ ಮುಂದ ಎತ್ತಿ ಇಳಸ್ತೀರೇನು?" ಎಂದು ಕಾಕು ಅಳುತ್ತ ಕೇಳಿದರು. ಅವತ್ತು ಇಬ್ಬರೂ ಮುಧೋಳಕ್ಕೆ ಬಸ್ಸಿನಲ್ಲಿ ಹೋದರು.

ಮದುವೆ ಮುಗಿದದ್ದೇ ಕಾಕಾ ಹಳೇ ಗಾಲಿ ಹುಡುಕಲು ಹೊರಟರು. ಸಾಂಗ್ಲಿಯಲ್ಲಿ ಅವು ಮಾರಿಹೋಗಿದ್ದವು. ಜಮಖಂಡಿ, ಮುಧೋಳ ಸುತ್ತಿ, ಗುಜರಿಯವನ ಹತ್ತಿರ ಬಿದ್ದಿದ್ದ ಯಾರದೋ ಜೀಪಿನವು ಸಿಕ್ಕವು. ಒಂದಕ್ಕೆ ಹಸಿರು ಬಣ್ಣ, ಉಳಿದವು ತುಕ್ಕು. ಕತ್ತರಿಸಿದ ಮಡ್‌ಗಾರ್ಡಿನ ಕೆಳಗೆ ಅವು ಅಪ್ಪನ ಅಂಗಿ ತೊಟ್ಟ ಮಕ್ಕಳ ಹಾಗೆ ಕಾಣುತ್ತಿದ್ದವು. ಓಣಿಯ ಗಂಡಸರು ಈ ಸಲವೂ ಸುತ್ತ ನಿಂತರು, ನಗಲಿಕ್ಕೆ.

"ಅಷ್ಟ ಆಸೆಪಟ್ಟ ಹಾಕಿಸಿದ್ರಲ್ಲಾ..." ಎಂದರು ಕಾಕು.

"ಬಾಜೂಕ ನೀನ ಇಲ್ಲಂದಮ್ಯಾಲೆ ಎಂಥಾ ಗಾಲಿ ಇದ್ದರೇನು? ಹತ್ತು."

ಕಾಕು ಹತ್ತಿದರು.

ಆ ಮಳೆಗಾಲದಲ್ಲಿ ಜೀಪು ಮತ್ತೆ ಹೂತಿತು. ಸಂಜೆ ಯಾರದೋ ಚಕ್ಕಡಿಯಲ್ಲಿ ಇಬ್ಬರೂ ಮೊಳಕಾಲುದ್ದ ಕೆಸರು ಮೆತ್ತಿಕೊಂಡು ಬಂದಿಳಿದರು. "ನಿಮ್ಮ ಕಾಕಾ ಜೀಪ್ ಬಿತ್ತಿ ಬಂದಾರ ನೋಡು, ಹಿಂಗಾರಿಗಿ ಬೆಳಿ ಬರತೈತಿ" ಎಂದರು ಕಾಕು. ಕಾಕಾ ಕಟ್ಟೆಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕೆಲವು ವರ್ಷಗಳ ಮೇಲೆ ಕಾಕು ಜ್ವರ ಬಂದು ತೀರಿಕೊಂಡರು. ಈಗಾದರೂ ದೊಡ್ಡ ಗಾಲಿ ಹಾಕಿಸಬಹುದಲ್ಲ ಎಂದು ಯಾರೋ ಕೇಳಿದ್ದಕ್ಕೆ ಕಾಕಾ, "ಆಕಿಗಿ ಕೇಳಿ ಹೇಳತೇನಿ ತಡೀಪಾ" ಎಂದರು. ಎಂದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತೋ ಏನೋ... ಎದ್ದು ಒಳಗೆ ಹೋದರು.

ಅವರೂ ಹೋಗಿ ಬಹಳ ಕಾಲವಾಯಿತು. ಹಿಪ್ಪರಗಿ ದಾರಿ ಡಾಂಬರಾಗಿದೆ, ಆ ಮನೆಗೆ ಬೇರೆ ಮಂದಿ ಬಂದಿದ್ದಾರೆ. ಈಚೆಗೆ ಆ ಓಣಿಗೆ ಹೋದಾಗ ಯಾರೂ ನನ್ನ ಗುರುತು ಹಿಡಿಯಲಿಲ್ಲ. ಕಾಕಾ ಎಂದು ಕರೆಯಲು ಅಲ್ಲಿ ನನಗೆ ಯಾರೂ ಉಳಿದಿಲ್ಲ.