ಯಾರೂ ಓಗೊಡದ ಸಾಲು

ತೆಂಗಿನಗುಂಡಿಯ ದೋಣಿ ದಕ್ಕೆಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ದೋಣಿಗಳಿಗೆ ಐಸ್ ತುಂಬುವ ಗಡಿಬಿಡಿ. ಆ ಗದ್ದಲದ ನಡುವೆ ಹುಡುಗಿಯೊಬ್ಬಳು ಕುಕ್ಕರುಗಾಲಿನಲ್ಲಿ ಕೂತು, ಖಾಲಿ ಮೀನುಬುಟ್ಟಿಯ ಬಾಯಿಗೆ ಮೊಬೈಲ್ ಹಿಡಿದಿದ್ದಾಳೆ. ಪುಡಿ ಐಸು ಬುಟ್ಟಿಗೆ ಬೀಳುವ ಸದ್ದು ಬೇಕಂತೆ. ಒಮ್ಮೆ ಬಿತ್ತು, ಮನಸ್ಸಿಗೆ ಬರಲಿಲ್ಲ. ಇನ್ನೊಮ್ಮೆ ಬಿತ್ತು, ಅದೂ ಆಗಲಿಲ್ಲ.

“ಸ್ವಲ್ಪ ಮೇಲಿಂದ ಸುರೀರಿ ಮಹಾಬಲಣ್ಣ. ಈಗ ನೀವು ಕೆಮ್ಮಿದ್ರಿ.”

ಐಸ್ ಹೊರುವ ಮಹಾಬಲ ಸಲಿಕೆಗೆ ಒರಗಿ ನಿಲ್ಲುತ್ತಾನೆ. “ಐಸು ಕದ್ದವ್ರನ್ನ ಕಂಡಿದ್ದೆ. ಐಸಿನ ಸದ್ದು ಕದಿಯೂಕೆ ಬಂದವ್ಳು ನೀನೇ ಮೊದಲು ಮಾರಾಯ್ತಿ.” ಬೈಯುತ್ತಲೇ ಮತ್ತೆ ಸುರಿಯುತ್ತಾನೆ.

ದೀಪಿಕಾ ಗೌಡ ಭಟ್ಕಳದ ಮೊಬೈಲ್ ಅಂಗಡಿಯೊಂದರಲ್ಲಿ ರಿಪೇರಿ ಕೆಲಸ ಮಾಡುತ್ತಾಳೆ. ಗಿರಾಕಿಗಳ ಜೊತೆ ಅಲ್ಲಿನ ಮುಸ್ಲಿಮರ ನವಾಯತಿ ಭಾಷೆಯಲ್ಲಿ ಚೌಕಾಸಿ ಮಾಡುವಷ್ಟು ಪಳಗಿದ್ದಾಳೆ. ಅಂಗಡಿ ತೆರೆಯುವ ಮುಂಚೆ, ತೆಂಗಿನಗುಂಡಿಯ ಬಾಡಿಗೆ ಕೋಣೆಯಲ್ಲಿ, ಕಿಟಕಿಗೆ ಕಂಬಳಿ ಕಟ್ಟಿಕೊಂಡು ಆಕೆ ಮಾಡುವ ಕೆಲಸ ಬೇರೆಯೇ. ಹಿಪ್‌ಹಾಪ್‌ನ ನಿಧಾನದ ಬೀಟು, ಅದರ ಮೇಲೆ ಎಲೆಕ್ಟ್ರಾನಿಕ್ ಸ್ವರಗಳು, ಅಡಿಯಲ್ಲೆಲ್ಲೋ ದೋಣಿಯ ಎಂಜಿನ್ನು, ಐಸಿನ ಚರಚರ. ಹಾಡುಗಾರರಿಲ್ಲ, ಕಂಪನಿಯಿಲ್ಲ, ಕಲಿಸಿದ ಗುರುವೂ ಇಲ್ಲ. ತಾನೇ ಕಟ್ಟಿ ತಾನೇ ಇಂಟರ್ನೆಟ್ಟಿಗೆ ಹಾಕುತ್ತಾಳೆ. ಎಲ್ಲೋ ರಾತ್ರಿಪಾಳಿಯ ನರ್ಸು ಕೇಳುತ್ತಾಳೆ, ಎಲ್ಲೋ ಪರೀಕ್ಷೆಗೆ ಓದುವವರು ಕೇಳುತ್ತಾರೆ. ಕರ್ಕಿ ಹತ್ತಿರದ ಕೇರಿಯಲ್ಲಿರುವ ಅವ್ವ ಮಾತ್ರ ಪ್ರತಿ ಸಲವೂ ಪೂರ್ತಿ ಕೇಳಿ, “ಎಲ್ಲ ಸರಿ, ಹಾಡು ಯಾವಾಗ ಶುರು ಆತದೆ?” ಎನ್ನುತ್ತಾಳೆ.

ಕೂತಲ್ಲಿ ಕೂರುವ ಜೀವವಲ್ಲ ಇದು. ಮಾತಾಡುವಾಗ ಕಾಲು ಅಲ್ಲಾಡುತ್ತದೆ, ಬೆರಳು ಕೌಂಟರಿನ ಗಾಜಿನ ಮೇಲೆ ತಾಳ ಹಾಕುತ್ತದೆ, ಮಾಲೀಕನ ಹತ್ತಿರ ಬೈಸಿಕೊಳ್ಳುತ್ತದೆ. “ಸುಮ್ನೆ ಕೂತ್ರೆ ಮೈಮೇಲೆ ಇರುವೆ ಹರಿದಾಂಗೆ ಆತದೆ. ಮಾಡಿದ್ದು ಯಾವ್ದೂ ಸರಿ ಆಗ್ಲಿಲ್ಲ ಅನ್ನಿಸ್ತಾ ಇರ್ತದೆ,” ಎನ್ನುತ್ತಾಳೆ. ಈ ತಳಮಳಕ್ಕೆ ಕಾರಣ ಕೇಳಿದರೆ ಅಜ್ಜಿಯ ಕಥೆ ಹೊರಬೀಳುತ್ತದೆ.

ಅಜ್ಜಿ ಮಾದಿ ಆ ಕೇರಿಯ ಹಾಡುಗಾರ್ತಿ. ನಾಟಿಯ ಗದ್ದೆಯಲ್ಲಿ ಹೆಂಗಸರು ಎರಡು ಗುಂಪಾಗಿ ನಿಂತು ಸಸಿ ನೆಡುತ್ತಾರೆ. ಮಾದಿ ಈ ಬದಿಯಿಂದ ಒಂದು ಸಾಲು ಎಸೆದರೆ, ಎದುರು ಗುಂಪಿನಿಂದ ಕಮಲಿ ಎತ್ತಿಕೊಳ್ಳಬೇಕು. “ಕೆಳಗಿನ ಗದ್ದೆಯ ಗೆಳತಿ, ನೀರು ಬಂತೇ?” ಎಂದು ಇವಳು ಕೇಳಿದರೆ, “ಬಂತೇ ಗೆಳತಿ, ಮೊಣಕಾಲ ತನಕ ಬಂತೇ” ಎಂದು ಅವಳು ಓಗೊಡುತ್ತಾಳೆ. ಇಬ್ಬರೂ ಮದುವೆಯಾಗಿ ಆ ಕೇರಿಗೆ ಬಂದಾಗಿನಿಂದ ಇದೇ ಜೋಡಿ.

ಕಳೆದ ನಾಟಿಯಲ್ಲಿ ದೀಪಿಕಾ ಇದನ್ನು ರೆಕಾರ್ಡ್ ಮಾಡಿಕೊಂಡಳು. ಕಮಲಿಯ ಬದಿಯಲ್ಲಿ ಟಿಲ್ಲರ್ ಓಡುತ್ತಿತ್ತು. ಸದ್ದು ಕೆಟ್ಟಿದೆಯೆಂದು ಆ ಭಾಗ ಕತ್ತರಿಸಿ ಎಸೆದು, ಮಾದಿಯ ಒಂದೇ ಸಾಲನ್ನು ಲೂಪ್ ಮಾಡಿದಳು. ನೀರು ಬಂತೇ, ನೀರು ಬಂತೇ. ಪ್ರತಿ ಪ್ರಶ್ನೆಯ ನಂತರ ಒಂದು ಖಾಲಿ ಜಾಗ, ಅಲ್ಲಿ ಬರೀ ಬೀಟು. ಆಕೆ ಮಾಡಿದ್ದರಲ್ಲಿ ಜನ ಹುಡುಕಿಕೊಂಡು ಬಂದು ಕೇಳಿದ್ದು ಅದೊಂದನ್ನೇ. ಮಂಗಳೂರಿನ ನಿರ್ದೇಶಕನೊಬ್ಬ ತನ್ನ ಕಿರುಚಿತ್ರದ ಆರಂಭಕ್ಕೆ ಅದೇ ಬೇಕೆಂದ. ಹೊರಗಿನವರು ಬಾಗಿಲು ತಟ್ಟಿದ್ದು ಅದೇ ಮೊದಲು. ಹುಡುಗಿ ನೆಲದ ಮೇಲೆ ಕಾಲೂರಲಿಲ್ಲ.

ಆ ಖುಷಿಯಲ್ಲೇ ಕೇರಿಯ ಮನೆಗೆ ಓಡಿ, ಬಸಳೆ ಕಟ್ಟು ಕಟ್ಟುತ್ತಿದ್ದ ಅಜ್ಜಿಯ ತಲೆಗೆ ಹೆಡ್‌ಫೋನ್ ತೊಡಿಸಿದಳು. ಮಾದಿಯ ಕೈ ನಿಂತುಹೋಯಿತು.

“ನಾ ಕರೀತೇ ಇದ್ದೆ. ಕಮಲಿ ಎಲ್ ಹೋತು?”

“ಅದನ್ನ ತೆಗ್ದೆ ಅಜ್ಜಿ, ಟಿಲ್ಲರ್ ಸದ್ದಿತ್ತು.”

“ಬದುಕಿದ್ದವ್ಳಿಗೆ ಹೀಂಗೆ ಮಾಡೂದಾ?”

ಗುಂಪಿನಲ್ಲಿ ಒಬ್ಬಳು ತೀರಿಕೊಂಡರೆ, ಮುಂದಿನ ನಾಟಿಯ ದಿನ ಅವಳ ಜೋಡಿಯವಳು ಒಂದು ಸಾಲು ಎಸೆಯುತ್ತಾಳೆ. ಯಾರೂ ಎತ್ತಿಕೊಳ್ಳುವುದಿಲ್ಲ. ಒಂದು ಗಳಿಗೆ ಗದ್ದೆಗೆ ಗದ್ದೆಯೇ ಸುಮ್ಮನಿರುತ್ತದೆ, ಆಮೇಲೆ ಕೆಲಸ ಸಾಗುತ್ತದೆ. ಓಗೊಡದ ಸಾಲು ಆ ಕೇರಿಯಲ್ಲಿ ಸತ್ತವರಿಗೆ ಮಾತ್ರ. ನಾಟಿಯ ತಿಂಗಳುಗಳನ್ನೆಲ್ಲ ಕುಮಟೆಯ ಹಾಸ್ಟೆಲಿನಲ್ಲಿ ಕಳೆದ ದೀಪಿಕಾಗೆ ಇದು ಗೊತ್ತೇ ಇರಲಿಲ್ಲ. ಕಮಲಿಯೋ, ನಾಟಿ ಮುಗಿದ ಮೇಲೆ ಸೊಂಟ ಮುರಿದುಕೊಂಡು ಕತಗಾಲದ ಮಗಳ ಮನೆಯಲ್ಲಿ ಮಲಗಿದ್ದಳು.

“ಸುಳ್ಳು ಹೇಳೂದಿಲ್ಲ, ಅದನ್ನ ಇಂಟರ್ನೆಟ್ಟಿಂದ ಆವತ್ತೇ ತೆಗೀಲಿಲ್ಲ ನಾನು,” ಎನ್ನುತ್ತಾಳೆ ದೀಪಿಕಾ. “ಹೊರಗಿನವ್ರಿಗೆ ಎಂತ ಗೊತ್ತಾತದೆ ಅಂದ್ಕಂಡೆ. ಆದ್ರೆ ಕಮಲಜ್ಜಿ ಮನೆಯಿಂದ ಫೋನ್ ಬಂದ್ರೆ ಸಾಕು, ಅಜ್ಜಿ ಹೋತೇನೋ ಅನ್ನಿಸ್ತಿತ್ತು.” ಕೊನೆಗೊಂದು ಭಾನುವಾರ ಕುಮಟೆಯಲ್ಲಿ ಶಿರಸಿ ಬಸ್ಸು ಹತ್ತಿ ಕತಗಾಲದಲ್ಲಿ ಇಳಿದಳು. ಎಲ್ಲ ಹೇಳಿ, ಹೆದರಿಕೊಂಡೇ ಕೇಳಿಸಿದಳು.

ಕಮಲಿ ಕಣ್ಣು ಮುಚ್ಚಿ ಕೇಳಿದಳು. “ನನ್ನ ಕೊಂದೇ ಬಿಟ್ಯಲೆ ಹುಡ್ಗಿ,” ಎಂದು ಮಲಗಿದಲ್ಲೇ ನಕ್ಕಳು. ಮತ್ತೆ ಪ್ರಶ್ನೆ ಬಂದಾಗ ದೊಡ್ಡ ದನಿಯಲ್ಲಿ ಓಗೊಟ್ಟಳು. ಆದರೆ ತಡವಾಗಿ. ಒಂದು ಸಸಿ ಊರುವಷ್ಟು ಹೊತ್ತು ಬಿಟ್ಟೇ ಆಕೆಯ ದನಿ ಏಳುವುದು. ಆ ದನಿಯನ್ನು ಅಲ್ಲೇ ರೆಕಾರ್ಡ್ ಮಾಡಿಕೊಂಡು ಸೇರಿಸಲು ದೀಪಿಕಾ ಬೀಟನ್ನು ಪೂರಾ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. “ನಂಗೆ ಕಾಯೂದಂದ್ರೆ ಆಗೂದಿಲ್ಲ. ನನ್ನ ಬೀಟು ಈಗ ಕಮಲಜ್ಜಿಗೆ ಕಾಯ್ತದೆ.”

ಹಳೆಯದನ್ನು ಇಂಟರ್ನೆಟ್ಟಿನಿಂದ ತೆಗೆದು ಹೊಸದನ್ನು ಹಾಕಿದಳು. ಮಾದಿ ಕೇಳಿ, “ಆತು. ಮುಂದಿನ ಸಾಲೆಲ್ಲಿ?” ಎಂದಳು. ನಿರ್ದೇಶಕನಿಗೆ ಹಿಡಿಸಲಿಲ್ಲ. ಆ ಒಂಟಿತನ ಹೋಗಿಬಿಟ್ಟಿದೆ, ಮೊದಲಿನದೇ ಕೊಡಿ ಎಂದ. ದೀಪಿಕಾ ಆಗುವುದಿಲ್ಲವೆಂದು ಬರೆದು, ದಕ್ಕೆಯ ಮೂಲೆಗೆ ಹೋಗಿ ಸಾಕಾಗುವಷ್ಟು ಅತ್ತಳು. ಚಿತ್ರ ಬೇರೆ ಯಾರದೋ ಸಂಗೀತದೊಂದಿಗೆ ಬಂತು. ಹೊಸ ಬೀಟನ್ನು ಕೇಳುವವರು ಕಮ್ಮಿ.

ಆದರೆ ಹಳೆಯ ಫೈಲು ಅವಳ ಲ್ಯಾಪ್‌ಟಾಪಿನಲ್ಲಿ ಇನ್ನೂ ಇದೆ. ಅಳಿಸಿಬಿಡುತ್ತೇನೆ ಎಂದಾಗ ತಡೆದವಳು ಕಮಲಿಯೇ. “ಅಳಿಸ್ಬೇಡ, ಇಟ್ಕೊ. ನಾ ಸತ್ತ ವರ್ಷ ಮಾದಿಗೆ ಗದ್ದೆಗೆ ಇಳಿಯೂಕೆ ಆಗೂದಿಲ್ಲ ಅಂದ್ರೆ, ಅಂಚಿನ ಮೇಲೆ ನಿಂತು ನೀನೇ ಅದನ್ನ ಹಾಕು.”

ಇಷ್ಟು ವರ್ಷ ಮಾಡಿದ್ದರಲ್ಲಿ ನಿನಗೆ ಯಾವುದು ಇಷ್ಟ ಎಂದರೆ ದೀಪಿಕಾಳ ಕಾಲು ಅಲ್ಲಾಡುವುದು ನಿಲ್ಲುತ್ತದೆ.

“ಅದೇ. ಅದ್ರಷ್ಟು ಚಂದ ಇನ್ನೊಂದು ನಂಗೆ ಮಾಡೂಕೆ ಆಗ್ಲಿಲ್ಲ. ಅದನ್ನ ಯಾರಿಗೂ ಕೇಳ್ಸೂ ದಿನ ಬರೂದು ಬ್ಯಾಡ.”