ಅಕ್ಕಿಯ ಮೇಲೆ ಬರೆದ ಹೆಸರು

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಗಂಡ ಹೇಳುತ್ತಾನೆ. ಇರಲಿ. ಆ ಭಾನುವಾರದ ಕೋಪಕ್ಕೆ ಮಾತ್ರ ನಾನು ಯಾರ ಕ್ಷಮೆಯನ್ನೂ ಕೇಳುವವಳಲ್ಲ.

ಗಂಡ ಕೆನಡಾದವನು, ಮನೆಮಾತು ಫ್ರೆಂಚ್. ಜಪಾನಿನ ಕಾವಾಸಾಕಿಯ ನಮ್ಮ ಫ್ಲಾಟಿಗೆ ಬಂದಿದ್ದ ಮಾವನಿಗೆ ನಿವೃತ್ತಿಯ ನಂತರ ವಂಶವೃಕ್ಷದ ಹುಚ್ಚು ಹತ್ತಿತ್ತು. ಮೊಮ್ಮಗಳಿಗೆ ಉಡುಗೊರೆಯೆಂದು ಅದನ್ನು ಕೆಳಗಿನ ಕೊಂಬಿನಿ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಹಾಳೆಗೆ ಹಾಳೆ ಅಂಟಿಸಿ, ಊಟದ ಮೇಜಿನ ಮೇಲೆ ಹರಡಿದರು. ಫ್ರಾನ್ಸಿನಿಂದ ಸಿಪಾಯಿಯಾಗಿ ಹಡಗು ಹತ್ತಿದ ಮೂಲಪುರುಷನಿಗೆ ಜೊತೆಯವರು 'ನಗುಮುಖದವನು' ಎಂದು ಅಡ್ಡಹೆಸರಿಟ್ಟಿದ್ದರಂತೆ. ಮಕ್ಕಳಲ್ಲಿ ಕೆಲವರು ಮನೆತನದ ಹೆಸರನ್ನೂ ಕೆಲವರು ಅಡ್ಡಹೆಸರನ್ನೂ ಹಿಡಿದು ಬೇರೆಯಾದರಂತೆ. ಚರ್ಚಿನ ಹಳೆಯ ದಾಖಲೆಗಳನ್ನು ಜಾಲಾಡಿ ಮಾವ ಎರಡೂ ಕವಲುಗಳನ್ನು ಜೋಡಿಸಿದ್ದರು. ನಾನು ನೋಡುತ್ತ ನಿಂತದ್ದು ಹೆಂಗಸರನ್ನು. ಒಬ್ಬೊಬ್ಬಳೂ ಹುಟ್ಟಿದ ಮನೆಯ ಹೆಸರಿನಲ್ಲೇ ಇದ್ದಳು. ಮದುವೆಯಾದರೂ, ಹತ್ತು ಹೆತ್ತರೂ, ಸತ್ತರೂ ಅದೇ ಹೆಸರು.

ನನ್ನ ಕಡೆ ನಾನು, ಅಪ್ಪ, ಅಮ್ಮ. ಅಪ್ಪನ ಮೇಲೆ ಅಜ್ಜಿಯ ಚೌಕದಲ್ಲಿ ಫ್ರೆಂಚಿನಲ್ಲಿ 'ಅಜ್ಞಾತ' ಎಂದಿತ್ತು.

ಮೈ ಉರಿದುಹೋಯಿತು. ನನಗೆ ಕೈತುತ್ತು ಹಾಕಿದವಳು ಅಜ್ಞಾತಳೆ? ಮೊದಲೇ ನನ್ನ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು ಕೂತಿದೆ. ಶಿನಾಗಾವಾದ ಆಫೀಸಿನಲ್ಲಿ ಅದಕ್ಕೇ ಗೌರವದ 'ಸಾನ್' ಸೇರಿಸಿ ನನ್ನನ್ನು ಕರೆಯುತ್ತಾರೆ. ಅಪ್ಪ ಹಿಂದೆ ನಿಂತಿದ್ದಾರೇನೋ ಎಂದು ತಿರುಗಿ ನೋಡುವಂತಾಗುತ್ತದೆ.

ಅಜ್ಜಿಯ ಹೆಸರು ಹೇಳಿದೆ. ಮಾವ ಪೆನ್ನು ಹಿಡಿದು, ಅದು ಹುಟ್ಟಿದಾಗಿನದೇ ಎಂದು ಮೆಲ್ಲಗೆ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಮೈಸೂರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

"ಅಪ್ಪಾ, ಮದ್ವೆಗೆ ಮುಂಚೆ ಅಜ್ಜಿ ಹೆಸ್ರು ಏನಿತ್ತು?"

"ಅದ್ಯಾಕೆ ಈಗ? ಯಾರಿಗ್ ನೆನಪಿರತ್ತೆ?"

ಶ್ರಾದ್ಧದ ದಿನ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರನ್ನು ಒಂದೇ ಉಸಿರಿಗೆ ಹೇಳುವವರು ನಮ್ಮಪ್ಪ. ಅವೆಲ್ಲ ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಗಂಡಂದಿರು ಉಂಗುರದಿಂದ ಬರೆದ ಹೊಸ ಹೆಸರುಗಳು. ಹಳೆಯದನ್ನು ಯಾರೂ ಎಲ್ಲೂ ಬರೆದಿಡಲಿಲ್ಲ.

"ನಿಮ್ಮಮ್ಮನ ಹೆಸ್ರಪ್ಪಾ! ವರ್ಷವರ್ಷ ಪಿಂಡ ಇಡ್ತೀರ, ಆಕ್ಚುಲಿ ಆಕೆ ಯಾರು ಅಂತ ಒಂದ್ಸಲಾನೂ ಕೇಳ್ಲಿಲ್ವಾ?"

"ಕೂಗಾಡ್ಬೇಡ. ಬೀಗರ ಮುಂದೆ..."

ಹಿಂದಿನಿಂದ ಅಮ್ಮ ನಕ್ಕಳು. "ಅತ್ತೇದು ಹಾಗಿರ್ಲಿ. ನಂದು ಕೇಳು ಅವರನ್ನ, ನೋಡೋಣ."

"ಲಗ್ನಪತ್ರಿಕೇಲಿತ್ತು," ಎಂದರು ಅಪ್ಪ.

ಲಗ್ನಪತ್ರಿಕೆಯಲ್ಲಿತ್ತಂತೆ! ಕಡಲಾಚೆಯ ಮುದುಕರು ಎಂದೋ ಸತ್ತ ಸಿಪಾಯಿಯ ಅಡ್ಡಹೆಸರನ್ನು ಹುಡುಕಿ ತೆಗೆದಿದ್ದಾರೆ, ಇವರಿಗೆ ದಿನಾ ಅನ್ನ ಬಡಿಸುವವಳ ಹೆಸರಿಗೆ ಪತ್ರಿಕೆ ಬೇಕು. ಬಾಯಿಗೆ ಬಂದದ್ದೆಲ್ಲ ಅಂದೆ. ಗಂಡ ಕಿಟಕಿ ಮುಚ್ಚಿದ, ಪಕ್ಕದ ಮನೆಯವರಿಗೆ ಕೇಳೀತೆಂದು. ಹಾಗೆ ನೋಡಿದರೆ ನನಗಾದರೂ ಎಲ್ಲಿ ಗೊತ್ತಿತ್ತು? ತನ್ನ ತವರಿನಲ್ಲಿ ಅಮ್ಮ ಎಲ್ಲರಿಗೂ 'ಅಕ್ಕ'. ಹೆಸರು ಹಿಡಿದು ಕರೆಯುವ ಹಿರಿಯರು ನಾನು ಹುಟ್ಟುವ ಮೊದಲೇ ಹೋಗಿದ್ದರು.

"ಸಾಕು ನಿಲ್ಸೇ," ಎಂದು ಗದರಿ, ಅಮ್ಮ ತನ್ನ ಹೆಸರನ್ನು ಹೇಳಿದಳು. ಅದನ್ನಿಲ್ಲಿ ಬರೆಯುವುದಿಲ್ಲ, ಅದು ಅವಳದು. ಅಪ್ಪ ಮದುವೆಯಲ್ಲಿ ಇಟ್ಟ ಹೆಸರಿನ ಮೇಲೆ ಮಾವ ಗೆರೆ ಎಳೆದು, ಪಕ್ಕದಲ್ಲಿ ಇದನ್ನು ಬರೆದರು. ಅಜ್ಜಿಯ ಚೌಕ ಹಾಗೇ ಉಳಿಯಿತು. ಅದನ್ನು ತುಂಬಬಲ್ಲವರು ಯಾರೂ ಬದುಕಿಲ್ಲ.

ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಜಪಾನಿ. ಫೋನ್ ಎಳೆದುಕೊಂಡು ತನ್ನ ಅಜ್ಜಿಯನ್ನು ಆ ಹೊಸ ಹಳೆಯ ಹೆಸರಿನಿಂದ, 'ಸಾನ್' ಸೇರಿಸಿ, ಗಟ್ಟಿಯಾಗಿ ಕರೆದಳು.

ಆ ಕಡೆಯಿಂದ ಅಮ್ಮ, "ಓ" ಎಂದು ಓಗೊಟ್ಟಳು.

"ಇನ್ನೊಂದ್ಸಲ ಕರಿ, ಪುಟ್ಟಿ."