ಅಡಿಟಿಪ್ಪಣಿಯಲ್ಲಿ ಅಜ್ಜಿ

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಸಾಲಾಗಿ ನಿಲ್ಲಿಸಿದ ಗೋಣಿಚೀಲಗಳ ಮೇಲೆ ಬೆಳೆದವರ ಹೆಸರು, ಊರು ಬರೆದಿರುತ್ತಿದ್ದುದನ್ನು ನೀವೂ ನೋಡಿರಬಹುದು. ಸಂಜೆಯ ವಾಯುವಿಹಾರದಲ್ಲಿ ಅವನ್ನು ಓದುತ್ತ ಹೋಗುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಏಕೆಂದರೆ ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಬರೆದು ತರುತ್ತಿದ್ದ ಪ್ರಬಂಧಗಳ ಒಂದು ವಾಕ್ಯಕ್ಕೂ ಹೆಸರಿರಲಿಲ್ಲ, ಊರಿರಲಿಲ್ಲ. ಇಡೀ ತರಗತಿ ಒಂದೇ ಗೈಡಿನಿಂದ ಇಳಿಸಿ, ಅದರ ಅಚ್ಚಿನ ತಪ್ಪುಗಳನ್ನೂ ಭಕ್ತಿಯಿಂದ ಕಾಪಾಡಿಕೊಂಡು, ಕೆಳಗೆ ತಂತಮ್ಮ ಸಹಿ ಹಾಕುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಒಂದು ವರ್ಷ ಕಾಲೇಜಿನ ವಾರ್ಷಿಕ ಸಂಚಿಕೆಯ ಸಂಪಾದಕತ್ವ ನನ್ನ ತಲೆಗೆ ಬಿದ್ದಾಗ ನಾನು ಉಗ್ರಾವತಾರ ತಾಳಿದೆ. ಯಾವ ಮಾತನ್ನು ಎಲ್ಲಿಂದ ತಂದಿರೆಂದು ಪುಟದ ತಳದಲ್ಲಿ ನಮೂದಿಸದವರಿಗೆ ಸಂಚಿಕೆಯಲ್ಲಿ ಜಾಗವಿಲ್ಲವೆಂದು ಗುಡುಗಿ, ಅಡಿಟಿಪ್ಪಣಿಯ ಮಹಿಮೆಯನ್ನು ಒಂದು ಗಂಟೆ ಕೊಂಡಾಡಿದೆ. ಆ ಉಪನ್ಯಾಸವನ್ನು ನಾನು ನನ್ನ ಗುರುಗಳ ನೋಟ್ಸಿನಿಂದ ಎತ್ತಿದ್ದೆನೆಂಬುದನ್ನು ಮಾತ್ರ ಹೇಳಲಿಲ್ಲ.

ನನ್ನ ಮಾತನ್ನು ಮನಸ್ಸಿಗೆ ಹಚ್ಚಿಕೊಂಡವಳು ಬಿಳಿಗೆರೆಯ ಗಿರಿಜೆ ಒಬ್ಬಳೇ. ಅಟ್ಟದ ಮೇಲೆ ವರ್ಷದ ಹತ್ತಿರ ಬಿದ್ದಿರುವ ತೆಂಗಿನಕಾಯಿ ಹೇಗೆ ಕೊಬ್ಬರಿಯಾಗುತ್ತದೆ, ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗಿನ ನೀರಿನ ಸದ್ದು ನಿಂತು, ಒಣಗಿ ಚಿಪ್ಪು ಬಿಟ್ಟ ತಿರುಳಿನ ಗಿಟುಕು ಗಡಗಡನೆ ಉರುಳುವುದನ್ನು ಹೇಗೆ ಗುರುತಿಸಬೇಕು ಎಂಬುದನ್ನೆಲ್ಲ ಅವಳು ಸೊಗಸಾಗಿ ಬರೆದಿದ್ದಳು. ಪ್ರತಿ ಪುಟದ ತಳದಲ್ಲೂ ಆಧಾರ: "ನಮ್ಮಜ್ಜಿ ನಂಜಮ್ಮ, ಬಿಳಿಗೆರೆ, ಅಟ್ಟದ ಏಣಿಯ ಹತ್ತಿರ ಕೂತು ಹೇಳಿದ್ದು."

ನಾನು ನಕ್ಕೆ. ನಕ್ಕು, ಕೆಂಪು ಶಾಯಿಯಲ್ಲಿ ಅಷ್ಟೂ ನಂಜಮ್ಮಂದಿರನ್ನು ಹೊಡೆದುಹಾಕಿ, "ಅಜ್ಜಿ ಆಧಾರವಲ್ಲ, ಗ್ರಂಥ ಬೇಕು" ಎಂದು ಷರಾ ಬರೆದೆ. ವಾರದ ಮೇಲೆ ಗಿರಿಜೆ ಅಜ್ಜಿಯಿದ್ದಲ್ಲೆಲ್ಲ ಲೈಬ್ರರಿಯ ಒಂದು ಕೃಷಿ ಕೈಪಿಡಿಯ ಉದ್ದನೆಯ ಹೆಸರನ್ನೂ ಪುಟಸಂಖ್ಯೆಯನ್ನೂ ಬರೆದು ತಂದಳು. ಶಾಸ್ತ್ರಶುದ್ಧವಾಗಿದೆಯೆಂದು ಮೆಚ್ಚಿ ಅಚ್ಚಿಗೆ ಕಳಿಸಿದೆ. ಸಂಚಿಕೆ ಬಂದ ಮೇಲೆ ಏನೋ ಹುಡುಕುತ್ತ ಆ ಕೈಪಿಡಿಯನ್ನು ತೆರೆದರೆ, ಅದರಲ್ಲಿ ಇದ್ದುದೆಲ್ಲ ಗೊಬ್ಬರದ ವಿಷಯ; ಅಟ್ಟದ ಸುದ್ದಿಯೇ ಇರಲಿಲ್ಲ. ತರಗತಿಗೆಲ್ಲ ಇದ್ದ ಒಬ್ಬಳೇ ಸತ್ಯವಂತೆಗೆ ಸುಳ್ಳು ಹೇಳುವುದನ್ನು ಕಲಿಸಿದ ಕೀರ್ತಿ ನನ್ನದಾಯಿತು.

ಮಾರನೆಯ ವಾರ ಗಿರಿಜೆಯ ಹಿಂದೆ ಒಬ್ಬ ಮುದುಕಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಮೊದಲ ಪ್ರತಿ ಬರೆದ ದಿನವೇ ಮೊಮ್ಮಗಳು ಪ್ರಬಂಧದಲ್ಲಿ ಅವಳ ಹೆಸರು ಬರೆದಿರುವುದನ್ನು ಅಜ್ಜಿಗೆ ಸಂಭ್ರಮದಿಂದ ಹೇಳಿಬಿಟ್ಟಿದ್ದಳಂತೆ. ಹೊಡೆದುಹಾಕಿದ್ದನ್ನು ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ.

"ಸ್ವಾಮಿ, ಈ ಮಗ ನನ್ನೆಸ್ರು ಬರ್ದವ್ಳಂತೆ. ನಂಗೆ ಓದಕ್ ಬರಾಕಿಲ್ಲ. ಎಲ್ಲೈತೆ, ವಸಿ ತೋರ್ಸಿ."

ಗಿರಿಜೆ ನೆಲ ನೋಡುತ್ತಿದ್ದಳು. ನಿಜ ಹೇಳಲು ನನಗೆ ಒಂದು ನಿಮಿಷದ ಧೈರ್ಯ ಸಾಕಿತ್ತು, ಅದಿರಲಿಲ್ಲ. ಸಂಚಿಕೆ ಬಿಡಿಸಿ, ಪುಟದ ತಳದಲ್ಲಿದ್ದ ಕೈಪಿಡಿಯ ಹೆಸರಿನ ಮೇಲೆ ಬೆರಳಿಟ್ಟೆ.

ಅಜ್ಜಿ ಬಗ್ಗಿ ನೋಡಿ, ಕಾಯಿ ಸುಲಿದು ಒರಟಾದ ಹೆಬ್ಬೆರಳನ್ನು ಅಕ್ಷರಗಳ ಮೇಲೆ ಮೆಲ್ಲಗೆ ಎಳೆದಳು.

"ಇಷ್ಟುದ್ದ ಐತಾ ನನ್ನೆಸ್ರು?"

"ಊರೂ ಸೇರಿದೆಯಮ್ಮ" ಎಂದೆ.

ಗಿರಿಜೆ ತಲೆಯೆತ್ತಿ ನನ್ನನ್ನು ನೋಡಿದಳು. ಮೇಷ್ಟ್ರ ಮಾತಿಗೆ ಆಧಾರ ಕೇಳುವ ಪದ್ಧತಿ ನಮ್ಮಲ್ಲಿಲ್ಲ, ಅವಳು ಕೇಳಲಿಲ್ಲ. ಅಜ್ಜಿ ಸಂಚಿಕೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೈಮುಗಿದಳು.

"ಹಂಗಾದ್ರೆ ಇದ್ನ ಓದೋರ್ಗೆಲ್ಲ ನಾನ್ಯಾರು ಅಂತ ಗೊತ್ತಾಗ್ತೈತೆ ಅನ್ನಿ."

ಗೊತ್ತಾಗುತ್ತದೆ ಎಂದೆ.